ಡ್ಯಾಶ್‌ಬೋರ್ಡಿನಲ್ಲಿ ಟ್ಯಾಬ್: ಕೂರಿಸೋದು ಸುಲಭ, ಕರೆಂಟ್ ಕೊಡೋದೇ ಕೆಲಸ

ನನ್ನ ಹಳೆಯ ವ್ಯಾಗನ್ ಆರ್ ಕಾರಿನ ಡ್ಯಾಶ್‌ಬೋರ್ಡಿಗೆ ಒಂದು ಆಂಡ್ರಾಯ್ಡ್ ಟ್ಯಾಬ್ ಕೂರಿಸಿದ್ದೇನೆ. ಒಳಗೆ ಕೂತವರು ಮೊದಲು ಕೇಳುವುದು ಅದರ ಫ್ರೇಮ್ ಬಗ್ಗೆ. ಯಾವ ಶೀಟು, ಯಾವ ಅಂಟು, ಹೇಗೆ ಕತ್ತರಿಸಿದ್ರಿ ಅಂತ. ಅದು ಒಂದು ಭಾನುವಾರದ ಕೆಲಸ. ನನಗೆ ಟೈಮ್ ಹಿಡಿದದ್ದು ಕರೆಂಟು. ಹನ್ನೆರಡು ವೋಲ್ಟ್ ಎಲ್ಲಿಂದ ತೆಗೆದುಕೊಳ್ಳಬೇಕು, ಅದು ಯಾವಾಗ ನಿಲ್ಲಬೇಕು, ಐದು ವೋಲ್ಟ್ ಟ್ಯಾಬ್ ತನಕ ಐದಾಗಿಯೇ ತಲುಪುತ್ತದಾ, ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಟ್ಯಾಬಿನ ಬ್ಯಾಟರಿ ತಾಳುತ್ತದಾ. ಇವು ಕೂಡಿ ಬರದಿದ್ದರೆ ಎಷ್ಟು ಚೆಂದದ ಫ್ರೇಮ್ ಮಾಡಿದರೂ ಒಳಗಿರುವುದು ಸತ್ತ ಪರದೆ.

ರೆಡಿಮೇಡ್ ಆಂಡ್ರಾಯ್ಡ್ ಸ್ಟೀರಿಯೋ ಅಂಗಡಿಯಲ್ಲಿ ಸಿಗುತ್ತದೆ, ಅವರೇ ಹಾಕಿಯೂ ಕೊಡುತ್ತಾರೆ. ಆದರೆ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಎಂಟಿಂಚಿನ ಟ್ಯಾಬ್ ನನಗೆ ಅದಕ್ಕಿಂತ ಹಿಡಿಸಿತು. ಪರದೆ ಚೊಕ್ಕ, ಒಳಗೇ ಜಿಪಿಎಸ್ ಇದೆ, ಕೆಟ್ಟರೆ ಇನ್ನೊಂದು ಹಾಕಬಹುದು, ಬೇಕಾದಾಗ ಬಿಚ್ಚಿ ಮನೆಗೆ ತರಬಹುದು. ಹೊಸದಾಗಿ ಕೊಳ್ಳುವವರು ಜಿಪಿಎಸ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಬರೀ ವೈಫೈ ಇರುವ ಐಪ್ಯಾಡ್‌ಗಳಲ್ಲಿ ಅದು ಇರುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಕಡೆ ಸಿಗ್ನಲ್ ನಂಬಿಕೊಂಡು ಕೂರಲು ಆಗುವುದಿಲ್ಲ. ಜಿಪಿಎಸ್ ಜೊತೆಗೆ ಮೊದಲೇ ಇಳಿಸಿಟ್ಟ ಮ್ಯಾಪ್ ಇದ್ದರೆ ಸಾಕು.

ಫ್ರೇಮ್ ವಿಷಯ ಬೇಗ ಮುಗಿಸುತ್ತೇನೆ. ಸ್ಟೀರಿಯೋ ಕೂರುವ ಡಬಲ್ ಡಿನ್ ಕಿಂಡಿ 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರ. ಎಂಟಿಂಚಿನ ಟ್ಯಾಬ್ ಅದರೊಳಗೆ ಹೋಗುವುದಿಲ್ಲ. ಮುಂದೆ ಕೂರಬೇಕು, ಕಿಂಡಿ ಬರೀ ವೈರ್ ಮತ್ತು ಗಾಳಿಗೆ. ನಾನು ಹಳೆಯ ಸ್ಟೀರಿಯೋವನ್ನು ಗ್ಲೋವ್ ಬಾಕ್ಸ್‌ಗೆ ಸಾಗಿಸಿ, ಕಿಂಡಿಗೆ ಅಲ್ಯೂಮಿನಿಯಂ ಪ್ಲೇಟ್ ಹಾಕಿ, ಅದರ ಮೇಲೆ ಎಬಿಎಸ್ ಅನ್ನುವ ಪ್ಲಾಸ್ಟಿಕ್ ಶೀಟಿನ ಚೌಕಟ್ಟು ಮಾಡಿದೆ. ಪ್ಲೇಟು ಟ್ಯಾಬಿನ ಬೆನ್ನಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಈಗ ತ್ರೀಡಿ ಪ್ರಿಂಟ್ ಮಾಡಿಸಿಕೊಳ್ಳುವುದು ಸುಲಭ, ಆದರೆ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಮಾತ್ರ ಬೇಡ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುವುದು ನಮ್ಮಲ್ಲಿ ದೊಡ್ಡ ವಿಷಯವೇ ಅಲ್ಲ. ಎಬಿಎಸ್ 100 ಡಿಗ್ರಿ ತನಕ ತಡೆಯುತ್ತದೆ. ಅಯಸ್ಕಾಂತದಿಂದ ಹಿಡಿಸುವುದನ್ನೂ ಬಿಟ್ಟೆ. ಟ್ಯಾಬಿನ ದಿಕ್ಸೂಚಿ ಕೆಡುತ್ತದೆ, ಮ್ಯಾಪಿನ ಬಾಣ ನಿಂತಲ್ಲೇ ಸುತ್ತುತ್ತದೆ. ಎರಡು ಕ್ಲಿಪ್ ಸಾಕು.

ಕೈ ಹಾಕುವ ಮೊದಲು ಕಾರಿನ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಹಳದಿ ಕೊಳವೆಯಲ್ಲಿ, ಹಳದಿ ಕನೆಕ್ಟರ್‌ನಲ್ಲಿ ಬರುವ ವೈರ್‌ಗಳು ಏರ್‌ಬ್ಯಾಗಿನವು. ಅವನ್ನು ಮುಟ್ಟಲೇಬಾರದು. ಟ್ಯಾಬನ್ನು ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿಯಲ್ಲೂ ಇಡಬಾರದು.

ಇನ್ನು ಕರೆಂಟು. ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ವೈರಿಂಗ್ ಕೆಲಸದ ಹಿರಿಯರೊಬ್ಬರು ಇದ್ದಾರೆ. ಶುರು ಮಾಡುವ ಮೊದಲು ಅವರ ಹತ್ತಿರ ಹೋಗಿ ಕೂತೆ. “ಸರ, ಬಣ್ಣ ನೋಡಿ ವೈರ್ ಮುಟ್ಟಬ್ಯಾಡ್ರಿ. ಮೀಟರ್ ಹಚ್ರಿ, ಚಾವಿ ತಿರುವಿ ನೋಡ್ರಿ, ಆಮ್ಯಾಲೆ ಕೈ ಹಚ್ರಿ” ಅಂದರು. ಮೀಟರ್ ಅಂದರೆ ವೋಲ್ಟ್, ಆಂಪ್ ಅಳೆಯುವ ಮಲ್ಟಿಮೀಟರ್. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಗಲಿಲ್ಲ. ಹಳದಿ ಅಂದರೆ ಸದಾ ಕರೆಂಟ್, ಕೆಂಪು ಅಂದರೆ ಚಾವಿ ತಿರುಗಿಸಿದಾಗ ಮಾತ್ರ, ಕಪ್ಪು ಅಂದರೆ ಅರ್ತ್ ಎನ್ನುವುದು ಹೊರಗಿನ ಸ್ಟೀರಿಯೋ ಕಂಪನಿಗಳ ಪದ್ಧತಿ. ಕಾರಿನ ಕಂಪನಿ ತನ್ನ ವೈರಿಗೆ ತನ್ನದೇ ಬಣ್ಣ ಹಾಕಿರುತ್ತದೆ.

ಮೀಟರ್ ಹಚ್ಚಿದರೆ ಕಾರಿನ ಸ್ವಭಾವ ತಿಳಿಯುತ್ತದೆ. ಎಂಜಿನ್ ಆಫ್ ಇದ್ದು ಬ್ಯಾಟರಿ ತುಂಬಿದ್ದರೆ 12.6 ವೋಲ್ಟ್. ಎಂಜಿನ್ ಓಡುವಾಗ ಆಲ್ಟರ್ನೇಟರ್ 13.8ರಿಂದ 14.4 ಕೊಡುತ್ತದೆ. ಸೆಲ್ಫ್ ಹೊಡೆಯುವ ಆ ಒಂದೆರಡು ಸೆಕೆಂಡ್ 10ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಇದರ ಮೇಲೆ ಕ್ಷಣಮಾತ್ರದ ದೊಡ್ಡ ಏರಿಕೆಗಳೂ ಬರುತ್ತವೆ. ಹನ್ನೆರಡು ವೋಲ್ಟ್ ಅನ್ನುವುದು ಹೆಸರಿಗೆ, ಅಲ್ವಾ? ಈ ಏರಿಳಿತವನ್ನೆಲ್ಲ ನುಂಗಿ ಹದವಾದ ಐದು ವೋಲ್ಟ್ ಕೊಡುವುದು ಕನ್ವರ್ಟರ್ ಕೆಲಸ.

ಸದಾ ಕರೆಂಟ್ ಇರುವ ವೈರಿಗೆ ಟ್ಯಾಬ್ ಜೋಡಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕೋಣ. ಟ್ಯಾಬ್ ಐದು ವೋಲ್ಟಿನಲ್ಲಿ 2 ಆಂಪ್ ಎಳೆದರೆ 10 ವಾಟ್. ಕನ್ವರ್ಟರ್‌ನ ನಷ್ಟ ಸೇರಿಸಿದರೆ ಕಾರಿನ ಬ್ಯಾಟರಿಯಿಂದ ಸುಮಾರು 1 ಆಂಪ್. ಸಣ್ಣ ಕಾರುಗಳಲ್ಲಿ 35 ಆಂಪ್ ಅವರ್ ಬ್ಯಾಟರಿ ಇರುತ್ತದೆ. ಸ್ಟಾರ್ಟ್ ಆಗಬೇಕು ಅಂದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಪರದೆ ಉರಿಯುತ್ತಲೇ ಇದ್ದರೆ ಸಂಜೆ ನಿಲ್ಲಿಸಿದ ಗಾಡಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಕೈಕೊಡುವ ಅಂಚಿಗೆ ಬರುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಬೆಳಿಗ್ಗೆಗೇ.

ಹಾಗಾಗಿ ನಾನು ಚಾವಿಯ ಎಸಿಸಿ ಲೈನನ್ನೇ, ಅಂದರೆ ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನನ್ನೇ ತೆಗೆದುಕೊಂಡೆ. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಜಾಗಕ್ಕೆ ಫ್ಯೂಸ್ ಟ್ಯಾಪ್ (ಒಂದೇ ಜಾಗದಿಂದ ಇನ್ನೊಂದು ಲೈನ್ ತೆಗೆಯುವ ಕನೆಕ್ಟರ್) ಹಾಕಿ, ಅದರ ಮೂಲ ಫ್ಯೂಸ್ ಹಾಗೇ ಉಳಿಸಿ, ನನ್ನ ಲೈನಿಗೆ ಬೇರೆ 3 ಆಂಪ್ ಫ್ಯೂಸ್ ಕೊಟ್ಟೆ. 10 ವಾಟಿನ ಕೆಲಸಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಬೇಕಾಗಿಲ್ಲ. ಆಂಪ್ಲಿಫೈಯರ್ ಕೂಡ ಹಾಕುವವರಿಗೆ ಬೇಕು. ಇನ್‌ಸುಲೇಷನ್ ಕೆತ್ತಿ, ಇರುವ ವೈರಿಗೆ ಸುತ್ತಿ, ಟೇಪ್ ಹಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ, ಆಮೇಲೆ ಆ ತಾಮ್ರ ಯಾವುದಕ್ಕೆ ತಾಗುತ್ತದೋ ಹೇಳಲಾಗದು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ.

ತುಂಬಾ ಜನರ ಗೋಳು ಒಂದೇ. ಚಾರ್ಜಿಂಗ್ ಗುರುತು ಕಾಣಿಸುತ್ತದೆ, ಆದರೂ ಮ್ಯಾಪ್ ಹಾಕಿ ಹಾವೇರಿ ಮುಟ್ಟುವಷ್ಟರಲ್ಲಿ ಪರ್ಸೆಂಟ್ ಇಳಿದಿರುತ್ತದೆ. ಟ್ಯಾಬ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಕೇಬಲ್. ಅಗ್ಗದ ಯುಎಸ್‌ಬಿ ಕೇಬಲ್ ಒಳಗೆ 28 ಗೇಜಿನ ತೆಳ್ಳನೆಯ ಎಳೆ ಇರುತ್ತದೆ. ಒಂದು ಮೀಟರ್ ಉದ್ದದ ಎಳೆಗೆ 0.2 ಓಮ್ ಚಿಲ್ಲರೆ ತಡೆ. ಹೋಗಿ ಬರುವ ಎರಡೂ ಎಳೆ ಸೇರಿದರೆ 0.4ಕ್ಕೂ ಜಾಸ್ತಿ. ಅದರಲ್ಲಿ 2 ಆಂಪ್ ಹರಿದರೆ 0.8 ವೋಲ್ಟ್ ದಾರಿಯಲ್ಲೇ ಹೋಯಿತು. ಟ್ಯಾಬಿಗೆ ಸಿಗುವುದು 4.2. ಅದು ವೋಲ್ಟೇಜ್ ಕುಸಿದದ್ದನ್ನು ನೋಡಿ ತಾನೇ ಎಳೆತ ಕಡಿಮೆ ಮಾಡುತ್ತದೆ. ಸಣ್ಣ ಪೈಪಿನಲ್ಲಿ ದೂರದ ಟ್ಯಾಂಕಿಗೆ ನೀರು ಏರಿಸಿದ ಹಾಗೆ. ನಾನು ಮಾಡಿದ್ದು ಇಷ್ಟೇ: ದೂರದ ದಾರಿಯನ್ನು 12 ವೋಲ್ಟಿಗೆ ಕೊಟ್ಟೆ, ಐದು ವೋಲ್ಟಿನ ದಾರಿಯನ್ನು ಗೇಣುದ್ದಕ್ಕೆ ಇಳಿಸಿದೆ. ಕನ್ವರ್ಟರ್ ಟ್ಯಾಬಿನ ಬೆನ್ನ ಹಿಂದೆಯೇ ಕಿಂಡಿಯೊಳಗೆ ಕೂತಿದೆ. ಅಲ್ಲಿಂದ ಟ್ಯಾಬಿಗೆ 20 ಗೇಜಿನ ದಪ್ಪ ವೈರ್.

ಇನ್ನೊಂದು ಕಾರಣವೂ ಇದೆ. ಯುಎಸ್‌ಬಿಯಲ್ಲಿ ಕರೆಂಟಿನ ಎರಡು ಎಳೆಯ ಜೊತೆ ಡೇಟಾದ ಎರಡು ಎಳೆ ಇರುತ್ತವೆ. ನನ್ನ ಟ್ಯಾಬ್ ಮೈಕ್ರೋ ಯುಎಸ್‌ಬಿಯದು. ಡೇಟಾ ಎಳೆಗಳನ್ನು ಸುಮ್ನೆ ಬಿಟ್ಟರೆ ಎದುರಿಗಿರುವುದು ಎಂಥ ಚಾರ್ಜರ್ ಅಂತ ಟ್ಯಾಬಿಗೆ ಗೊತ್ತಾಗುವುದಿಲ್ಲ, 500 ಮಿಲಿಆಂಪ್ ಮೀರುವುದಿಲ್ಲ. ಅವೆರಡನ್ನೂ ಚಾರ್ಜರ್ ಕಡೆ ಒಂದಕ್ಕೊಂದು ಬೆಸೆದೆ. ಆಗ ಇದು ಗೋಡೆಯ ಚಾರ್ಜರ್ ಅಂತ ತಿಳಿದು ಪೂರ್ತಿ ಎಳೆಯುತ್ತದೆ. ಟೈಪ್ ಸಿ ಟ್ಯಾಬುಗಳಲ್ಲಿ ಲೆಕ್ಕ ಬೇರೆ, ಅಲ್ಲಿ ಒಳ್ಳೆಯ ರೆಡಿಮೇಡ್ ಕಾರ್ ಚಾರ್ಜರ್ ಬಳಸುವುದೇ ವಾಸಿ.

ಕನ್ವರ್ಟರ್ ಆಗಿ ಎಲ್‌ಎಂ2596 ಚಿಪ್ಪಿನ ಬೋರ್ಡ್ ಹಾಕಿದ್ದೇನೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಕಡೆಯೆಲ್ಲ ಸಿಗುತ್ತದೆ. ಚಿಪ್ 40 ವೋಲ್ಟ್ ತನಕ ತಡೆಯುತ್ತದೆ. ಏರಿಕೆಗಳನ್ನು ಅದಕ್ಕಿಂತ ಮೊದಲೇ ಹಿಡಿಯಲು ಇನ್‌ಪುಟ್‌ನಲ್ಲಿ 24 ವೋಲ್ಟಿನ ಟಿವಿಎಸ್ ಡಯೋಡ್ ಒಂದನ್ನು ಸೇರಿಸಿದೆ. ಔಟ್‌ಪುಟ್ ಹೊಂದಿಸಲು ಸ್ಕ್ರೂ ಇರುವ ಬೋರ್ಡು ಬೇಡ, ಐದು ವೋಲ್ಟಿಗೆ ಕಟ್ಟಿಟ್ಟದ್ದನ್ನೇ ಕೇಳಿ ತನ್ನಿ. ನಮ್ಮ ಒಳರಸ್ತೆಗಳ ಕುಲುಕಾಟಕ್ಕೆ ಆ ಸ್ಕ್ರೂ ಅಲುಗುತ್ತದೆ, ಒಳಗೆ ಸಂಪರ್ಕ ತಪ್ಪಿದರೆ 12 ವೋಲ್ಟ್ ನೇರ ಟ್ಯಾಬಿಗೆ ನುಗ್ಗಬಹುದು.

ಈ ಬೋರ್ಡಿನ ಒಂದು ಗುಣ ನನ್ನನ್ನು ಬಹಳ ಕಾಡಿತು. ಬೆಳಿಗ್ಗೆ ಗಾಡಿಯಲ್ಲಿ ಧಾರವಾಡ ಆಕಾಶವಾಣಿ ಕೇಳುವುದು ನನ್ನ ರೂಢಿ. ಅದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಟ್ಯಾಬ್ ಹಾಕಿದ ಮೇಲೆ ನಿಲಯ ಕೊರ್ ಅನ್ನುವ ಸದ್ದಿನಡಿ ಮುಳುಗಿಹೋಯಿತು. ಟ್ಯಾಬಿನ ಪ್ಲಗ್ ಕಿತ್ತರೆ ಸದ್ದು ಬಹಳ ಇಳಿಯುತ್ತಿತ್ತು, ಫ್ಯೂಸ್ ಕಿತ್ತರೆ ಪೂರ್ತಿ ಮಾಯ. ಎಲ್‌ಎಂ2596 ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಕರೆಂಟನ್ನು ಹಚ್ಚಿ ಆರಿಸುತ್ತದೆ. ಅಂದರೆ 150 ಕಿಲೋಹರ್ಟ್ಸ್. ಇಂಥ ಸದ್ದು ತನ್ನ ಪಟ್ಟುಗಳಲ್ಲೂ ಹರಡುತ್ತದೆ: 300, 450, 600, 750. ಐದನೇ ಪಟ್ಟು ಧಾರವಾಡದ ಮಗ್ಗುಲಲ್ಲೇ ಬಂದು ಕೂರುತ್ತದೆ. ಚಿಪ್ಪಿನ ವೇಗ ಒಂದಕ್ಕೊಂದು ಅಷ್ಟಿಷ್ಟು ಹೆಚ್ಚುಕಮ್ಮಿ ಇರುವುದರಿಂದ ಸರಿಯಾಗಿ ಅದರ ಮೇಲೇ ಬೀಳಲೂಬಹುದು.

ಆ ನಿಲಯ ಬಿಡಲು ನನಗೆ ಮನಸ್ಸಿರಲಿಲ್ಲ. ಬೋರ್ಡನ್ನು ಸಣ್ಣ ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಾರಿನ ಲೋಹದ ಮೈಗೆ ಅರ್ತ್ ಮಾಡಿದೆ. ಒಳಗೆ ಹೋಗುವ, ಹೊರಗೆ ಬರುವ ವೈರ್‌ಗಳನ್ನು ಇಂಥ ಸದ್ದು ತಡೆಯುವ ಫೆರೈಟ್ ಬಳೆಗೆ ಸುತ್ತಿದೆ. ಆಂಟೆನಾ ವೈರನ್ನು ಇದರಿಂದ ಆದಷ್ಟು ದೂರ ಹಾಯಿಸಿದೆ. ಉಣಕಲ್ ಕೆರೆ ದಾಟಿ ಧಾರವಾಡದ ಕಡೆ ಹೋದಂತೆ ಈಗ ನಿಲಯ ಚೊಕ್ಕ ಕೇಳುತ್ತದೆ. ಮೀಡಿಯಂ ವೇವ್ ಕೇಳದವರು ಇಷ್ಟು ಮಾಡಬೇಕಾಗಿಲ್ಲ. ಆದರೆ ತಗಡಿನ ಡಬ್ಬಿಯಿಂದ ಬಿಸಿಯೂ ಹಂಚಿಹೋಗುತ್ತದೆ, ಅದು ಎಲ್ಲರಿಗೂ ಬೇಕು. ಪೂರ್ತಿ ಲೋಡಿನಲ್ಲಿ ಈ ಬೋರ್ಡು ಎರಡು ವಾಟಿಗೂ ಜಾಸ್ತಿ ಬಿಸಿಯಾಗಿಯೇ ಕಳೆಯುತ್ತದೆ.

ಹಾಡಿನ ಸದ್ದಿನಲ್ಲಿ ಎಂಜಿನ್ ಏರಿದಂತೆ ಏರುವ ಸಿಳ್ಳೆ ಕೇಳಿಸಿದರೆ ಅದು ಬೇರೆ ಕಥೆ. ಟ್ಯಾಬ್ ಕರೆಂಟಿನ ದಾರಿಯಲ್ಲೊಮ್ಮೆ, ಆಡಿಯೋ ವೈರಿನ ದಾರಿಯಲ್ಲೊಮ್ಮೆ ಅರ್ತ್ ಆಗಿರುತ್ತದೆ. ಆ ಎರಡರ ನಡುವೆ ಆಲ್ಟರ್ನೇಟರಿನ ಸದ್ದು ಸುತ್ತುತ್ತದೆ. ಟ್ಯಾಬಿನಿಂದ ಸ್ಟೀರಿಯೋಗೆ ಹಾಡು ಒಯ್ಯುವ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿದರೆ ನಿಲ್ಲುತ್ತದೆ.

ಟ್ಯಾಬ್ ತಾನಾಗಿ ಎದ್ದು ತಾನಾಗಿ ಮಲಗಬೇಕು ಅಂತ ಕೆಲವರು ದೊಡ್ಡ ದೊಡ್ಡ ಆಪ್ ಹಾಕಿಕೊಳ್ಳುತ್ತಾರೆ. ನನಗೆ ಆಂಡ್ರಾಯ್ಡಿನಲ್ಲಿ ಇರುವುದೇ ಸಾಕಾಯಿತು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಸ್ಟೇ ಅವೇಕ್ ಅಂತ ಒಂದಿದೆ. ಚಾರ್ಜ್ ಬರುವ ತನಕ ಪರದೆ ಆರುವುದಿಲ್ಲ. ಚಾವಿ ತಿರುಗಿಸಿದೊಡನೆ ಕರೆಂಟ್ ಬಂದು ಪರದೆ ಹತ್ತುತ್ತದೆ. ಚಾವಿ ತೆಗೆದರೆ ಚಾರ್ಜ್ ನಿಂತು, ಮೂವತ್ತು ಸೆಕೆಂಡಿನಲ್ಲಿ ಆರುತ್ತದೆ. ಸೆಲ್ಫ್ ಹೊಡೆಯುವಾಗ ಹೆಚ್ಚಿನ ಕಾರುಗಳಲ್ಲಿ ಎಸಿಸಿ ಲೈನ್ ಕ್ಷಣ ಹೊತ್ತು ಸಾಯುತ್ತದೆ. ಟ್ಯಾಬಿನೊಳಗೆ ಬ್ಯಾಟರಿ ಇರುವುದರಿಂದ ಅದು ಗೊತ್ತೂ ಆಗುವುದಿಲ್ಲ.

ಇದೇ ಕಾರಣಕ್ಕೆ ಟ್ಯಾಬಿನ ಬ್ಯಾಟರಿ ಕಿತ್ತು ನೇರ ಕರೆಂಟ್ ಕೊಡುವ ದಾರಿ ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡುವವರ ಭಯ ಸುಳ್ಳಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು. 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತರೆ ಇನ್ನೂ ಬೇಗ ಉಬ್ಬುತ್ತದೆ. ಸಿದ್ಧಾರೂಢ ಮಠದ ಹತ್ತಿರ ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಬಂದು ಸ್ಟೀರಿಂಗ್ ಮುಟ್ಟಿ ನೋಡಿದವರಿಗೆ ಒಳಗೆ ಎಷ್ಟು ಕಾಯುತ್ತದೆ ಅಂತ ಹೇಳಬೇಕಾಗಿಲ್ಲ.

ನಾನು ಮೂರು ಕೆಲಸ ಮಾಡಿದ್ದೇನೆ. 12 ವೋಲ್ಟಿನ ಲೈನಿಗೆ ಡ್ಯಾಶ್‌ಬೋರ್ಡಿನ ಖಾಲಿ ಬಟನ್ ಜಾಗದಲ್ಲಿ ಒಂದು ಸ್ವಿಚ್ ಇಟ್ಟೆ. ಕಾದ ಗಾಡಿ ಹತ್ತಿದಾಗ ಮೊದಲು ಗ್ಲಾಸ್ ಇಳಿಸಿ, ಎಸಿ ಹಾಕಿ, ಟ್ಯಾಬ್ ತಣ್ಣಗಾದ ಮೇಲೆ ಸ್ವಿಚ್ ಒತ್ತುತ್ತೇನೆ. ಎಸಿ ಕೊಳವೆಯಿಂದ ಸಣ್ಣ ಟ್ಯೂಬ್ ಒಂದನ್ನು ಅಲ್ಯೂಮಿನಿಯಂ ಪ್ಲೇಟಿನ ಹಿಂದಕ್ಕೆ ಎಳೆದಿದ್ದೇನೆ. ಚಾರ್ಜ್ 85 ಪರ್ಸೆಂಟಿಗೆ ನಿಲ್ಲುವ ಹಾಗೆ ಸೆಟ್ ಮಾಡಿದ್ದೇನೆ. ಈ ಆಯ್ಕೆ ಎಲ್ಲ ಟ್ಯಾಬಿನಲ್ಲಿ ಇರುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಗಾಡಿ ಬಿಸಿಲಲ್ಲಿ ನಿಲ್ಲುವುದಾದರೆ ಟ್ಯಾಬನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೇ ಇಳಿಯುತ್ತೇನೆ. ಬೆನ್ನು ಉಬ್ಬಿದ್ದು, ಪರದೆ ಮೇಲೆದ್ದದ್ದು ಕಂಡರೆ ಆ ಟ್ಯಾಬನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ನನ್ನ ಗಾಡಿ ನೋಡಿ ನಮ್ಮ ಕಾಕಾ ತಮ್ಮ ಟ್ಯಾಕ್ಸಿಗೂ ಬೇಕು ಅಂದರು. ಅವರದು ಗದಗ ಕಡೆಯ ಬಾಡಿಗೆ ಜಾಸ್ತಿ, ಗಿರಾಕಿಗೆ ಕಾಯುತ್ತಾ ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಕೂರುತ್ತಾರೆ. “ತಮ್ಮಾ, ಕಾಯೂದ್ರಾಗ ಟ್ಯಾಬ್ ಚಾಲೂ ಇರ್ಬೇಕು, ಗಾಡಿನೂ ಚಾಲೂ ಆಗ್ಬೇಕು” ಅಂದರು. ಅವರಿಗೆ ಸದಾ ಕರೆಂಟ್ ಇರುವ ಲೈನಿನಿಂದ ತೆಗೆದು, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ, ನಡುವೆ ಲೋ ವೋಲ್ಟೇಜ್ ಕಟಾಫ್ ಬೋರ್ಡ್ ಕೊಟ್ಟೆ. 12.2 ವೋಲ್ಟ್ ಅಂದರೆ ಬ್ಯಾಟರಿ ಹೆಚ್ಚುಕಡಿಮೆ ಅರ್ಧ ಖಾಲಿ. ಅಲ್ಲಿಗೆ ಬಂದಾಗ ಬೋರ್ಡು ಟ್ಯಾಬನ್ನು ಕಡಿದು ಹಾಕುತ್ತದೆ. ಎಂಜಿನ್ ಶುರುವಾಗಿ 13 ದಾಟಿದ ಮೇಲೆ ಮತ್ತೆ ಕೊಡುತ್ತದೆ. ಈ ಎರಡು ಅಂಕಿಗಳ ನಡುವೆ ಅಂತರ ಇಡಲೇಬೇಕು. ಇಲ್ಲದಿದ್ದರೆ ಲೋಡ್ ತೆಗೆದೊಡನೆ ವೋಲ್ಟೇಜ್ ಮೇಲೆದ್ದು, ಬೋರ್ಡು ಟಕಟಕ ಅನ್ನುತ್ತಾ ಹಚ್ಚಿ ಆರಿಸುತ್ತಿರುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ: ನಿಂತ ಗಾಡಿಯ ಬ್ಯಾಟರಿಯಿಂದ ಕರೆಂಟ್ ಸೋರುತ್ತದಾ ಅಂತ. ಚಾವಿ ತೆಗೆದು, ಬಾಗಿಲು ಹಾಕಿ, ಕಾರು ಪೂರ್ತಿ ಮಲಗಲು ಸ್ವಲ್ಪ ಹೊತ್ತು ಬಿಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೇಬಲ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು 10 ಆಂಪ್ ಕಿಂಡಿಯಲ್ಲಿ ಹಚ್ಚಿ. ಮೀಟರ್ ಹಚ್ಚಿದಾಗಲೂ ಮೊದಲು ಜಾಸ್ತಿ ತೋರಿಸಿ ಆಮೇಲೆ ಇಳಿಯುತ್ತದೆ, ಕಾಯಿರಿ. ಗಡಿಯಾರ, ಲಾಕ್, ಎಂಜಿನ್ ಕಂಪ್ಯೂಟರ್ ಸೇರಿ 20ರಿಂದ 50 ಮಿಲಿಆಂಪ್ ಇರುವುದು ಸಹಜ. ಆಗ ನಿಮ್ಮ 3 ಆಂಪ್ ಫ್ಯೂಸ್ ಕಿತ್ತು ನೋಡಿ. ಎಸಿಸಿಯಿಂದ ತೆಗೆದ ಲೈನಾದರೆ ಅಂಕಿ ಕದಲಬಾರದು. ನನ್ನದರಲ್ಲಿ ಕದಲಲಿಲ್ಲ. ಕಾಕಾ ಅವರ ಗಾಡಿಯಲ್ಲಿ ಕಟಾಫ್ ಬೋರ್ಡು ತನ್ನ ಪಾಲಿಗೆ ಸ್ವಲ್ಪ ಎಳೆಯುತ್ತದೆ, ಅದಕ್ಕೆ ಅವರು ಊರಿಗೆ ಹೋಗಿ ನಾಲ್ಕು ದಿನ ಗಾಡಿ ನಿಲ್ಲಿಸುವಾಗ ಆ ಫ್ಯೂಸ್ ಕಿತ್ತಿಡುತ್ತಾರೆ. ಮೀಟರ್ ಹಚ್ಚಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಅಷ್ಟು ಕರೆಂಟನ್ನು ಮೀಟರ್ ತಡೆಯುವುದಿಲ್ಲ.