125 ಪಿಕ್ಸೆಲ್‌ಗಳಲ್ಲಿ ಒಂದು ಗೆಲಾಕ್ಸಿಯನ್ನು ತೂಗಿದ್ದು

ಮಂಡ್ಯದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಗುರುತ್ವ ಮಸೂರವೆಂಬುದು (ಭಾರಿ ಕಾಯವೊಂದರ ಗುರುತ್ವ ಅದರ ಹಿಂದಿನಿಂದ ಬರುವ ಬೆಳಕನ್ನು ಮಸೂರದಂತೆ ಬಾಗಿಸುವುದು) ಬಹುಕಾಲ ಕಪ್ಪು ಹಲಗೆಯ ಮೇಲಿನ ಒಂದು ಸೂತ್ರವಷ್ಟೇ ಆಗಿತ್ತು. ಬಿಎಸ್ಸಿ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ನಿಜವಾದ ಗೆಲಾಕ್ಸಿಯೊಂದನ್ನು ತೂಗಲು ಹೊರಟಾಗಲೇ ಅದರ ತೊಡಕು ಅರಿವಿಗೆ ಬಂದದ್ದು.

ಹೀಗೆ ಬಾಗಿದ ಬೆಳಕಿನಿಂದ ಉಂಗುರ ಹೇಗೆ ಮೂಡುತ್ತದೆಂದು ತೋರಿಸಲು, ಬೇಕರಿಯಲ್ಲಿ ಐಸ್‌ಕ್ರೀಮ್ ಹಾಕಿಕೊಡುವ ಗಾಜಿನ ಕಪ್ಪೊಂದರ ಮುರಿದ ಬುಡವನ್ನು ಹಾಳೆಯ ಮೇಲಿನ ಶಾಯಿಯ ಚುಕ್ಕೆಯ ಮೇಲಿಟ್ಟೆ. ನಡುವಿನಲ್ಲಿ ದಪ್ಪವಾಗಿ ಅಂಚಿಗೆ ತೆಳುವಾಗುವ ಆ ಗಾಜಿನ ಮೂಲಕ ಚುಕ್ಕೆ ಬಳೆಯಂತೆ ಕಂಡಿತು. ಕೊಂಚ ಸರಿಸಿದೊಡನೆ ಬಳೆ ಒಡೆದು ಎರಡು ಕಮಾನುಗಳಾದವು.

ನಾವು ಆರಿಸಿಕೊಂಡದ್ದು ಸಿಂಹ ರಾಶಿಯ ದಿಕ್ಕಿನಲ್ಲಿ 2007ರಲ್ಲಿ ಪತ್ತೆಯಾದ 'ಕಾಸ್ಮಿಕ್ ಹಾರ್ಸ್‌ಶೂ'. ಅಲ್ಲಿ ಕೆಂಬಣ್ಣದ ಭಾರಿ ಗೆಲಾಕ್ಸಿಯೊಂದರ ಸುತ್ತ, ಅದಕ್ಕಿಂತ ಬಹುದೂರದ ನೀಲಿ ಗೆಲಾಕ್ಸಿಯ ಬೆಳಕು ಬಾಗಿ ಲಾಳದ ಆಕಾರ ತಳೆದಿದೆ. ಹಬಲ್ ದೂರದರ್ಶಕದ ಚಿತ್ರ ಉಚಿತವಾಗಿಯೇ ಸಿಕ್ಕಿತು. ಒಂದು ಪಿಕ್ಸೆಲ್ ಎಂದರೆ ಸುಮಾರು 0.04 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಲಾಳದ ಒಂದು ಬದಿ ತೆರೆದಿರುವುದರಿಂದ ಕೇಂದ್ರವನ್ನು ಕಣ್ಣಳತೆಗೆ ಬಿಡದೆ, ಕೆಂಪು ಗೆಲಾಕ್ಸಿಯ ಅತ್ಯಂತ ಪ್ರಕಾಶಮಾನ ಬಿಂದುವಿನಲ್ಲೇ ವೃತ್ತದ ನಡುವನ್ನು ನೆಟ್ಟೆವು. ತ್ರಿಜ್ಯ 125 ಪಿಕ್ಸೆಲ್, ಅಂದರೆ 5 ಆರ್ಕ್‌ಸೆಕೆಂಡ್ ಬಂತು. ಈ ತ್ರಿಜ್ಯದ ಜೊತೆ ಎರಡೂ ಗೆಲಾಕ್ಸಿಗಳ ದೂರ ಗೊತ್ತಾದರೆ ಬೆಳಕನ್ನು ಬಾಗಿಸಿದ ದ್ರವ್ಯರಾಶಿಯನ್ನು ಲೆಕ್ಕಹಾಕಬಹುದು.

ಎಡವಿದ್ದು ದೂರದ ಲೆಕ್ಕದಲ್ಲಿ, ಅದೂ ನಾನೇ. ಮಸೂರದ, ಅಂದರೆ ಕೆಂಪು ಗೆಲಾಕ್ಸಿಯ, ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಹಿಗ್ಗಿದ ಪ್ರಮಾಣ) 0.44, ಹಿಂದಿನ ಗೆಲಾಕ್ಸಿಯದ್ದು 2.38; ಇವುಗಳಿಂದ ಬರುವ ಕೋನೀಯ ವ್ಯಾಸದ ದೂರಗಳು (ಕಾಣುವ ಕೋನದಿಂದ ನಿಜವಾದ ಗಾತ್ರ ತಿಳಿಯಲು ಬಳಸುವ ದೂರ) ಕ್ರಮವಾಗಿ ಸುಮಾರು 1,180 ಮತ್ತು 1,680 ಮೆಗಾಪಾರ್ಸೆಕ್; ಒಂದು ಮೆಗಾಪಾರ್ಸೆಕ್ ಎಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ. ಮೈಸೂರಿನಿಂದ ಬೆಂಗಳೂರಿಗಿರುವ ದೂರದಲ್ಲಿ ಮಂಡ್ಯದವರೆಗಿನ ದೂರವನ್ನು ಕಳೆಯುವಂತೆ ಕಳೆದು, ಇವೆರಡರ ನಡುವಿನ ದೂರ 500 ಎಂದು ಬರೆದುಬಿಟ್ಟೆ. ಸೂರ್ಯನಿಗಿಂತ 12 ಲಕ್ಷ ಕೋಟಿ ಪಟ್ಟು ದ್ರವ್ಯರಾಶಿ ಎಂಬ ಉತ್ತರ ಬಂದಾಗಲೂ ಅನುಮಾನ ಹುಟ್ಟಲಿಲ್ಲ, ಏಕೆಂದರೆ ಖಗೋಳಶಾಸ್ತ್ರದಲ್ಲಿ ದೊಡ್ಡ ಸಂಖ್ಯೆಗಳೆಲ್ಲ ಒಂದೇ ಥರ ಕಾಣುತ್ತವೆ. ವಾಸ್ತವದಲ್ಲಿ, ಹಿಗ್ಗುತ್ತಿರುವ ವಿಶ್ವದಲ್ಲಿ ಆ ಎರಡು ದೂರಗಳು ಬೇರೆ ಬೇರೆ ಕಾಲದ ಅಳತೆಗೋಲಿನಲ್ಲಿರುತ್ತವೆ. ಮೊದಲು ಎರಡನ್ನೂ ಇಂದಿನ ಅಳತೆಗೆ ತಂದು, ಕಳೆದು, ಬಳಿಕ ಹಿಂದಿನ ಗೆಲಾಕ್ಸಿಯ ಕಾಲದ ಅಳತೆಗೆ ಇಳಿಸಬೇಕು. ಹಾಗೆ ಮಾಡಿದಾಗ 500ರ ಜಾಗದಲ್ಲಿ ಸುಮಾರು 1,180 ಬಂತು, ದ್ರವ್ಯರಾಶಿ 5 ಲಕ್ಷ ಕೋಟಿ ಸೂರ್ಯರಿಗೆ ಇಳಿಯಿತು. ಸಂಶೋಧಕರು ಪ್ರಕಟಿಸಿದ ಅಂದಾಜೂ ಇದರ ಆಸುಪಾಸಿನಲ್ಲೇ ಇದೆ.

ಇದು ಉಂಗುರದೊಳಗಿನ ಒಟ್ಟು ದ್ರವ್ಯ. ನಕ್ಷತ್ರವೋ, ಬೆಳಕು ಸೂಸದ ಡಾರ್ಕ್ ಮ್ಯಾಟರೋ ಎಂಬ ಭೇದ ಬಾಗುವ ಬೆಳಕಿಗಿಲ್ಲ, ಮತ್ತು ಈ ವಿಧಾನದ ನಿಜವಾದ ಬೆಲೆ ಇರುವುದು ಅಲ್ಲಿಯೇ. ಆದರೆ ನಮ್ಮ ಉತ್ತರ ವಿಶ್ವ ಹಿಗ್ಗುವ ವೇಗವನ್ನು ಹೇಳುವ ಹಬಲ್ ಸ್ಥಿರಾಂಕವನ್ನು 70 ಎಂದು ಒಪ್ಪಿಕೊಂಡದ್ದರ ಮೇಲೆ ನಿಂತಿದೆ. 67ರ ಬದಲು 73 ಇಟ್ಟರೆ ತೂಕ ಶೇಕಡಾ 8ರಷ್ಟು ಕಡಿಮೆಯಾಗುತ್ತದೆ.

"ಹಂಗಾದ್ರೆ ಸರ್, ಇದನ್ನೇ ತಿರುಗಿಸಿ ಆ ಸ್ಥಿರಾಂಕನೇ ಕಂಡುಹಿಡೀಬೌದಲ್ವಾ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. 1964ರಲ್ಲಿ ನಾರ್ವೆಯ ಖಗೋಳವಿಜ್ಞಾನಿ ರೆಫ್ಸ್‌ಡಾಲ್ ಸೂಚಿಸಿದ್ದು ಅದನ್ನೇ, ಆದರೆ ಅದಕ್ಕೆ ಮಿನುಗು ಬದಲಾಗುವ ಆಕರ ಬೇಕು; ಒಂದೇ ಆಕರದ ಬೇರೆ ಬೇರೆ ಬಿಂಬಗಳಿಗೆ ಬೆಳಕು ತಲುಪುವ ಕಾಲದ ವ್ಯತ್ಯಾಸದಿಂದ ಸ್ಥಿರಾಂಕ ಸಿಗುತ್ತದೆ. 1979ರಲ್ಲಿ ಸಿಕ್ಕ, ಗುರುತ್ವ ಮಸೂರದಿಂದ ಎರಡಾಗಿ ಕಾಣುವ ಅವಳಿ ಕ್ವೇಸಾರಿನ (ಗೆಲಾಕ್ಸಿಯೊಂದರ ಅತಿ ಪ್ರಕಾಶಮಾನ ಕೇಂದ್ರ) ಒಂದು ಬಿಂಬದಲ್ಲಿ ಕಂಡ ಏರಿಳಿತ ಇನ್ನೊಂದರಲ್ಲಿ ಕಾಣುವುದು ಸುಮಾರು 417 ದಿನಗಳ ನಂತರ. ನಮ್ಮ ಕೈಯಲ್ಲಿದ್ದದ್ದು ಒಂದೇ ಚಿತ್ರ, ಅದರಲ್ಲಿದ್ದದ್ದೋ ಮಿನುಗದ ಗೆಲಾಕ್ಸಿ.