ಥೇಮ್ಸ್ ದಂಡೆಗೆ ನಾವಿಬ್ಬರೇ ಹೋಗಿ ಬಂದದ್ದು

ಧಾರವಾಡದ ನಮ್ಮ ಓಣಿಯಿಂದ ಮಕ್ಕಳಿರುವ ದೇಶಕ್ಕೆ ಹೋಗಿ ಬಂದ ಹಿರಿಯರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಎಲ್ಲಾ ಛಲೋ ಐತ್ರೀ, ಆದ್ರ ಮನ್ಯಾಗ ಕುಂತು ಕುಂತು ಬ್ಯಾಸರ." ಆರು ತಿಂಗಳ ಸಂದರ್ಶಕ ವೀಸಾದಲ್ಲಿ ದಕ್ಷಿಣ ಲಂಡನ್ನಿನ ಮಗಳ ಮನೆ ಸೇರಿದ ನಮಗೂ ಮೊದಲ ಐದು ವಾರ ಹಾಗೆಯೇ ಕಳೆದವು. ಮಗಳು, ಅಳಿಯ ಕೆಲಸಕ್ಕೆ ಹೋದರೆ ಸಂಜೆಯ ತನಕ ಕಿಟಕಿಯೇ ಗತಿ. ಶನಿವಾರ ಅವರು ಕಾರಿನಲ್ಲಿ ತೋರಿಸಿದ ಜಾಗಗಳ ಹೆಸರು ಸೋಮವಾರಕ್ಕೆ ಮರೆತುಹೋಗುತ್ತಿತ್ತು, ಏಕೆಂದರೆ ಆ ದಾರಿಯನ್ನು ಹುಡುಕಿದವರು ನಾವಲ್ಲ.

ಆದ್ದರಿಂದ ಅಕ್ಟೋಬರಿನ ಒಂದು ದಿನ ನಾವಿಬ್ಬರೇ ಹೊರಡಬೇಕೆಂದು ನಿಶ್ಚಯಿಸಿದೆವು. ಎಲ್ಲಿಗೆ ಎಂಬ ಪ್ರಶ್ನೆಯೇ ಬರಲಿಲ್ಲ: 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆ ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಯಲ್ಲಿದೆ. ಕಾಣದ ಊರಿನಲ್ಲಿ ಮೊದಲ ಸಲ ಒಬ್ಬರೇ ಹೊರಡುವವರು, ಮನಸ್ಸಿಗೆ ಮೊದಲೇ ಪರಿಚಯವಿರುವ ಒಂದು ಜಾಗವನ್ನು ಗುರಿಯಾಗಿಟ್ಟುಕೊಂಡರೆ ಅರ್ಧ ಅಂಜಿಕೆ ಮನೆಯಲ್ಲಿಯೇ ಉಳಿಯುತ್ತದೆ.

ಎರಡು ದಿನ ಮೊದಲು ಹತ್ತಿರದ ಒಂದು ನಿಲ್ದಾಣದವರೆಗೆ ರೈಲಿನಲ್ಲಿ ಹೋಗಿ ತಾಲೀಮು ಮಾಡಿದೆವು. ಹಿರಿಯರ ಉಚಿತ ಪಾಸು ಲಂಡನ್ ನಿವಾಸಿಗಳಿಗಷ್ಟೇ ಇರುವುದರಿಂದ ಮಗಳು ತಲಾ ಒಂದು ಆಯ್‌ಸ್ಟರ್ ಕಾರ್ಡು (ಬಸ್ಸು, ರೈಲಿಗೆ ಮೊದಲೇ ಹಣ ತುಂಬಿಸಿಡುವ ಕಾರ್ಡು) ಕೊಡಿಸಿದ್ದಳು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಹಳದಿ ಯಂತ್ರಕ್ಕೆ ಮುಟ್ಟಿಸಬೇಕು, ರೈಲಿನಲ್ಲಿ ಹೊರಬರುವಾಗಲೂ ಮುಟ್ಟಿಸಬೇಕು. ನಾವು ಇಳಿದ ಸಣ್ಣ ನಿಲ್ದಾಣದಲ್ಲಿ ಗೇಟು ಇರಲಿಲ್ಲವಾದ್ದರಿಂದ ಹಾಗೆಯೇ ಹೊರಗೆ ನಡೆದುಬಿಟ್ಟೆವು, ಇಬ್ಬರ ಕಾರ್ಡಿನಿಂದಲೂ ಗರಿಷ್ಠ ದರ ಕಡಿತವಾಯಿತು. ಆ ತಪ್ಪು ತಾಲೀಮಿನಲ್ಲಿಯೇ ಆದದ್ದು ಒಳ್ಳೆಯದಾಯಿತು.

ಬೆಳಗಿನ 6:30ರಿಂದ 9:30 ಮತ್ತು ಸಂಜೆಯ 4ರಿಂದ 7 ದುಬಾರಿ ವೇಳೆ, ಗದ್ದಲವೂ ಹೆಚ್ಚು. ಹತ್ತಕ್ಕೆ ಹೊರಟು, ವಾಕ್ಸ್‌ಹಾಲ್‌ನಲ್ಲಿ ಇಳಿದು, ನದಿಯ ಪಕ್ಕದಲ್ಲಿಯೇ ಒಂದು ಕಿಲೋಮೀಟರಿನಷ್ಟು ನಡೆದೆವು. ಮೊಣಕಾಲು ನೋವಿರುವ ನಮ್ಮ ಮನೆಯವರಿಗಾಗಿ ಎರಡು ಕಡೆ ಕುಳಿತೆವು.

ಬಸವಣ್ಣನ ಮುಂದೆ ನಿಂತು ಕೈಮುಗಿದಾಗ ನನಗೆ ಗಂಟಲು ಕಟ್ಟಿತು. ಎದುರು ದಂಡೆಯಲ್ಲಿ ಬ್ರಿಟಿಷ್ ಸಂಸತ್ ಭವನ, ಈ ದಂಡೆಯಲ್ಲಿ ಅನುಭವ ಮಂಟಪ ಕಟ್ಟಿದವನು. ಸಮೀಪದ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ, ಊರಿಂದ ಒಯ್ದಿದ್ದ ಖಡಕ್ ರೊಟ್ಟಿಯನ್ನು ಶೇಂಗಾ ಹಿಂಡಿ, ಮೊಸರಿನೊಂದಿಗೆ ಉಂಡೆವು. ಗಾಳಿಗೆ ಹಿಂಡಿ ಹಾರದಂತೆ ಮೊದಲೇ ಮೊಸರಿನಲ್ಲಿ ಕಲಸಬೇಕಾಯಿತು.

ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿದ್ದವರು, ಮಲಪ್ರಭಾ ಕಾಲುವೆಗಳ ಮೇಲೆ ವರ್ಷಗಟ್ಟಲೆ ಓಡಾಡಿದವರು. ಉಣ್ಣುತ್ತಿದ್ದವರು ಕೈ ನಿಲ್ಲಿಸಿ, "ನೋಡಿಲ್ಲೆ, ಹೊಳಿ ಹಿಂದಕ್ಕ ಹೊಂಟೈತಿ" ಎಂದರು. ನಾವು ಬಂದಾಗ ಕೆಳಗೆ ಕೆಸರು, ಹರಳುಕಲ್ಲು, ಅವುಗಳ ಮೇಲೆ ಓಡಾಡುವ ಹಕ್ಕಿಗಳು ಕಾಣುತ್ತಿದ್ದವು. ಈಗ ಒಂದು ಮರದ ತುಂಡು ಮುಂದಿನ ಲ್ಯಾಂಬೆತ್ ಸೇತುವೆಯ ಕಡೆಯಿಂದ ನಾವು ನಡೆದುಬಂದ ವಾಕ್ಸ್‌ಹಾಲ್ ಕಡೆಗೆ, ಅಂದರೆ ಹೊಳೆ ಹರಿದುಬರುವ ದಿಕ್ಕಿಗೆ ಎದುರಾಗಿ ತೇಲುತ್ತಿತ್ತು. ಸಮುದ್ರದ ಉಬ್ಬರ ಈ ನದಿಯಲ್ಲಿ ಲಂಡನ್ನಿನ ನಡುಭಾಗವನ್ನು ದಾಟಿ ಟೆಡಿಂಗ್ಟನ್‌ವರೆಗೆ ಏರುತ್ತದೆ, ಉಬ್ಬರ–ಇಳಿತಗಳ ನಡುವೆ ನಗರದ ಮಧ್ಯದಲ್ಲಿಯೇ 7 ಮೀಟರಿನಷ್ಟು ಅಂತರ ಬೀಳುವುದುಂಟು. ಎರಡು ಗಂಟೆಯ ಹೊತ್ತಿಗೆ ಕೆಸರು ಪೂರ್ತಿ ಮುಚ್ಚಿ, ಗೋಡೆಗೆ ಹತ್ತಿದ ಹಸಿರು ಪಾಚಿಯನ್ನೂ ನೀರು ನುಂಗುತ್ತ ಬಂದಿತ್ತು. ಮಳೆಯಿಲ್ಲದೆ ಹೊಳೆ ಏರುವುದನ್ನು ಅವರು ಕಣ್ಣು ಕೀಳದೆ ನೋಡಿದರು. ಕೃಷ್ಣೆ–ಮಲಪ್ರಭೆಯರ ಕೂಡಲಸಂಗಮದ ಬಸವಣ್ಣ ಬೆನ್ನಿಗಿದ್ದ. ಲಂಡನ್ನಿಗೆ ಬಂದ ಮೇಲೆ ಅವರು ಇಷ್ಟು ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

ಸೇತುವೆಯ ಬುಡದ ಗಾರ್ಡನ್ ಮ್ಯೂಸಿಯಂ ಕೆಫೆಯಲ್ಲಿ ಚಹಾ ಕುಡಿದು, ಶೌಚಾಲಯವನ್ನೂ ಮುಗಿಸಿಕೊಂಡೆವು. ಇಂಥ ಜಾಗವನ್ನು ಮನೆಯಲ್ಲಿಯೇ ಗುರುತು ಹಾಕಿಕೊಂಡಿದ್ದರಿಂದ ಇಡೀ ದಿನ ನೀರು ಕುಡಿಯಲು ಹಿಂಜರಿಯಲಿಲ್ಲ. ಆಚೆಗೆ ಕೋವಿಡ್‌ನಲ್ಲಿ ತೀರಿಹೋದವರಿಗಾಗಿ ಕೆಂಪು ಹೃದಯಗಳನ್ನು ಬಿಡಿಸಿದ ಉದ್ದನೆಯ ಗೋಡೆಯಿತ್ತು. ಒಂದು ದಿನಕ್ಕೆ ಒಂದೇ ಜಾಗ ಎಂದು ಮೊದಲೇ ಒಪ್ಪಿಕೊಂಡಿದ್ದೆವಾದ್ದರಿಂದ ಅದನ್ನು ಬಿಟ್ಟು, ನಾಲ್ಕಕ್ಕೆ ಮೊದಲೇ ರೈಲು ಹಿಡಿದೆವು. ಇಳಿದ ಮೇಲೆ ಕಾರ್ಡು ಮುಟ್ಟಿಸಲು ಇಬ್ಬರೂ ಮರೆಯಲಿಲ್ಲ.

ಆ ರಾತ್ರಿ ಅವರು ಮುಂದಿನ ವಾರದ ಉಬ್ಬರ–ಇಳಿತದ ವೇಳೆಯನ್ನು ಮಗಳಿಂದ ಕೇಳಿ ಡೈರಿಯಲ್ಲಿ ಬರೆದುಕೊಂಡರು. ಹೃದಯಗಳ ಗೋಡೆಗೆ ನಾವು ಹೋದದ್ದು ನೀರು ಇಳಿಯುವ ಒಂದು ಮಧ್ಯಾಹ್ನ.