ಉಚಿತ ಚಿಕಿತ್ಸೆಯಿಂದ ಜೀವ ಉಳಿಯಿತಾ? ಲೆಕ್ಕ ಹಾಕುವುದು ಹೀಗೆ

ಇಷ್ಟು ಸಾವಿರ ಜನರಿಗೆ ಹೃದಯದ ಆಪರೇಷನ್ ಆಯಿತು ಎಂದು ಜಾಹೀರಾತು ಬರುತ್ತದೆ. ಖುಷಿಯ ವಿಷಯವೇ. ಆದರೆ ಯೋಜನೆ ಇಲ್ಲದಿದ್ದರೂ ಇವರಲ್ಲಿ ಎಷ್ಟು ಜನ ಹೊಲ ಮಾರಿಯೋ ಸಾಲ ಮಾಡಿಯೋ ಆಪರೇಷನ್ ಮಾಡಿಸಿಕೊಳ್ಳುತ್ತಿದ್ದರು? ಎಷ್ಟು ಜನ ಹಣೆಬರಹ ಎಂದು ಸುಮ್ನೆ ಮನೆಯಲ್ಲೇ ಇರುತ್ತಿದ್ದರು? ಅದು ತಿಳಿಯದೆ ಯೋಜನೆ ಕೆಲಸ ಮಾಡಿತು ಎನ್ನಲು ಬರುವುದಿಲ್ಲ.

ತಿಳಿಯುವ ದಾರಿ ಇದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಸಿಗುತ್ತದೆ: ವಾಜಪೇಯಿ ಆರೋಗ್ಯಶ್ರೀ. 2010ರಲ್ಲಿ ಅಂದಿನ ಗುಲ್ಬರ್ಗ ವಿಭಾಗದಲ್ಲಿ ಶುರುವಾದ ಯೋಜನೆ ಇದು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು, ಕಂತು ಕಟ್ಟುವ ಗೋಜಿಲ್ಲ. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗೆ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವು. ಯೋಜನೆ ನಡೆಸುತ್ತಿದ್ದ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಪ್ಯಾಕೇಜ್ ದರದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೂ ಮೊದಲೇ ಗೊತ್ತುಮಾಡಿದ ದರದಲ್ಲಿ, ಹಣವನ್ನು ನೇರವಾಗಿ ಆಸ್ಪತ್ರೆಗೆ ಕೊಡುತ್ತಿತ್ತು.

ಮೊದಲು, ಸರಿಯಾದ ಜೋಡಿ ಹುಡುಕಿ. ಕಲಬುರಗಿಯನ್ನು ಮೈಸೂರಿನ ಜೊತೆ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಮಳೆ, ಬೆಳೆ, ಆಸ್ಪತ್ರೆ ಎಲ್ಲವೂ ಬೇರೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಮತ್ತಿತರರು ಒಂದು ಜಾಣ ಕೆಲಸ ಮಾಡಿದರು. ಯೋಜನೆ ಆಗ ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಇತ್ತು. ಅಂದರೆ ಎಲ್ಲೋ ಒಂದು ಕಡೆ ಅದರ ಗಡಿ ಇರಲೇಬೇಕು. ಆ ಗಡಿಯ ಒಳಗಿನ 300 ಹಳ್ಳಿ, ಹೊರಗಿನ 272 ಹಳ್ಳಿ ಆರಿಸಿಕೊಂಡರು. ಗಡಿ ಊರುಗಳೆಂದರೆ ಗೊತ್ತಲ್ಲ, ಹೆಚ್ಚುಕಡಿಮೆ ಒಂದೇ ಬದುಕು. ದೊಡ್ಡ ವ್ಯತ್ಯಾಸ ಆ ಕಾರ್ಡಿಗೆ ಸಿಗುವ ಸೌಲಭ್ಯ ಮಾತ್ರ.

ಆಮೇಲೆ, ಮನೆ ಬಾಗಿಲಿಗೆ ಹೋಗಿ. ಆಸ್ಪತ್ರೆಯ ರಿಜಿಸ್ಟರ್ ನೋಡಿ ಪ್ರಯೋಜನವಿಲ್ಲ. ಆಸ್ಪತ್ರೆಗೆ ಬರಲಾಗದವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ಸುಮಾರು 60 ಸಾವಿರ ಮನೆಗಳ ಸಮೀಕ್ಷೆ ನಡೆಯಿತು. ಯೋಜನೆಯಲ್ಲಿ ಚಿಕಿತ್ಸೆ ಇದ್ದ ಕಾಯಿಲೆಗಳಿಂದ ಆದ ಸಾವನ್ನು ಬೇರೆಯಾಗಿ ಲೆಕ್ಕ ಹಾಕಿದರು. ಗಡಿಯಾಚೆಯ ಬಿಪಿಎಲ್ ಮನೆಗಳಲ್ಲಿ ಅಂಥ ಸಾವು ಶೇ 0.90. ಯೋಜನೆ ಇದ್ದ ಕಡೆ ಶೇ 0.32. ಅಂದರೆ ಶೇ 64ರಷ್ಟು ಕಡಿಮೆ!

ಇಷ್ಟು ದೊಡ್ಡ ಅಂಕಿ ಕಂಡಾಗ ನನಗೆ ಮೊದಲು ಬರುವುದು ಅನುಮಾನ. ನಿಮಗೂ ಬರಲಿ.

ಹಾಗಾಗಿ ಮೂರನೆಯ ಹೆಜ್ಜೆ, ತಾಳೆ ನೋಡುವುದು. ಒಳಗಿನ ಹಳ್ಳಿಗಳ ಗಾಳಿ ನೀರೇ ಚೆನ್ನಾಗಿದ್ದರೆ? ಹತ್ತಿರ ಒಳ್ಳೆಯ ಆಸ್ಪತ್ರೆ ಇದ್ದರೆ? ಹಾಗಿದ್ದರೆ ಅಲ್ಲಿನ ಎಪಿಎಲ್ ಮನೆಗಳಲ್ಲೂ ಸಾವು ಕಡಿಮೆ ಇರಬೇಕು, ಅಲ್ವಾ? ಅವರಿಗೆ ಯೋಜನೆ ಇರಲಿಲ್ಲ. ನೋಡಿದರೆ, ಗಡಿಯ ಎರಡೂ ಕಡೆಯ ಎಪಿಎಲ್ ಮನೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಡೀ ಅಧ್ಯಯನದಲ್ಲಿ ನನಗೆ ಇಷ್ಟವಾದ ಭಾಗ ಇದೇ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು.

ಕೊನೆಗೆ ಜೇಬು ನೋಡಿ. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಖರ್ಚು ಶೇ 34ರಷ್ಟು ಇಳಿದಿತ್ತು. ಪೂರ್ತಿ ಸೊನ್ನೆ ಆಗಿರಲಿಲ್ಲ. ಆಗುವುದೂ ಕಷ್ಟ. ಎಲ್ಲ ಕಾಯಿಲೆಯೂ ಪಟ್ಟಿಯಲ್ಲಿ ಇರುವುದಿಲ್ಲ. ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ ಪ್ಯಾಕೇಜಿಗೆ ಸೇರುವುದಿಲ್ಲ. ಇನ್ನೊಂದು ಮಾತು. ಈ ಯೋಜನೆಯಲ್ಲಿ ಹಳ್ಳಿಗಳ ಕಡೆಗೇ ಹೋಗಿ ತಪಾಸಣಾ ಶಿಬಿರ ನಡೆಸುತ್ತಿದ್ದರು. ಎದೆನೋವನ್ನು ಗ್ಯಾಸ್ ಎಂದುಕೊಂಡು ಕೂತವರನ್ನು ಆಸ್ಪತ್ರೆಗೆ ಹೊರಡಿಸುವುದು ಶಿಬಿರವೇ ಹೊರತು ಕಾರ್ಡಲ್ಲ.

ಇದೇ ಲೆಕ್ಕವನ್ನು ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಹಾಕೋಣ ಎಂದರೆ ತೊಡಕಿದೆ. 2018ರಲ್ಲಿ ಬಂದ ಈ ಯೋಜನೆ ಇಡೀ ರಾಜ್ಯಕ್ಕಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಒಳ್ಳೆಯದೇ, ಆದರೆ ಹೋಲಿಸಲು ಗಡಿಯೇ ಇಲ್ಲ. ಮುಂದೆ ಏನಾದರೂ ಹೊಸ ಸೌಲಭ್ಯ ತರುವಾಗ, ಎಲ್ಲ ತಾಲ್ಲೂಕಿಗೂ ಒಮ್ಮೆಗೇ ಕೊಡುವಷ್ಟು ಹಣ ಇಲ್ಲದಿದ್ದರೆ, ಯಾರಿಗೆ ಮೊದಲು ಎಂಬುದನ್ನು ಶಿಫಾರಸಿಗೆ ಬಿಡದೆ ಚೀಟಿ ಎತ್ತಿ ತೀರ್ಮಾನಿಸಬಹುದು. ಆಗ ಮೊದಲು ಸಿಕ್ಕವರನ್ನು ಇನ್ನೂ ಸಿಗದವರ ಜೊತೆ ನೇರವಾಗಿ ಹೋಲಿಸಬಹುದು, ಜೋಡಿ ಹಳ್ಳಿಗಳನ್ನು ಹುಡುಕಿಕೊಂಡು ಗಡಿಗೆ ಹೋಗುವ ಕೆಲಸ ಇರುವುದಿಲ್ಲ.